ಚಂದ್ರಗಿರಿ ಹೊಳೆಯ ವಿಡಿಯೋ: ಸಾಲ್ವರ್ ಬದಲಿಸಬೇಕಾ?

ಕೇಳಿದ್ದು: ಕಾಸರಗೋಡಿನವಳು, ಎಂ.ಟೆಕ್. ಪ್ರಾಜೆಕ್ಟಿಗೆ ಚಂದ್ರಗಿರಿ ಸೇತುವೆಯಿಂದ ವಿಡಿಯೋ ತೆಗೆದು ಮಳೆಗಾಲದ ನೀರಿನ ವೇಗ ಅಂದಾಜು ಮಾಡ್ತಿದ್ದೇನೆ. ಹಾರ್ನ್–ಶುಂಕ್ (ಎರಡು ಫ್ರೇಮ್ ಹೋಲಿಸಿ ಪ್ರತಿ ಪಿಕ್ಸೆಲ್ಲಿನ ಚಲನೆ ಅಂದಾಜು ಮಾಡುವ ವಿಧಾನ) ನೂರಾರು ಸುತ್ತು ಓಡಿಸಿದರೂ ವೇಗ ತೀರಾ ಕಡಿಮೆ ಬರ್ತದೆ. ಬೇರೆ ಸಾಲ್ವರ್ (ಅದರ ಸಮೀಕರಣ ಬಿಡಿಸುವ ಕ್ರಮ) ಹಾಕಲಾ?

ಮಂಜೇಶ್ವರದಿಂದ: ಮೊದಲು ಪ್ರತಿ ಸುತ್ತಿಗೂ ಎನರ್ಜಿ (ಸಾಲ್ವರ್ ಇಳಿಸಲು ನೋಡುವ ಒಟ್ಟು ತಪ್ಪಿನ ಲೆಕ್ಕ) ಎಷ್ಟು ಅಂತ ಪ್ರಿಂಟ್ ಮಾಡಿ ನೋಡಿ. ಅದು ಇಳಿಯುವುದು ನಿಂತಿದ್ದರೆ ಸಾಲ್ವರಿನದ್ದು ತಪ್ಪಿಲ್ಲ. ಹಾರ್ನ್–ಶುಂಕ್‌ರ 1981ರ ಆ ಎನರ್ಜಿ ಕಾನ್ವೆಕ್ಸ್, ಅಂದರೆ ಬಟ್ಟಲಿನ ಹಾಗೆ, ತಳ ಒಂದೇ. ಯಾವ ಸಾಲ್ವರ್ ಹಾಕಿದರೂ ಅದೇ ತಪ್ಪು ಉತ್ತರಕ್ಕೆ ಬೇಗ ಮುಟ್ಟುತ್ತೀರಿ, ಅಷ್ಟೆ. ಹೊಳಪಿನ ಸಮೀಕರಣವನ್ನು (ಬಿಂದು ಸರಿದರೂ ಅದರ ಹೊಳಪು ಬದಲಾಗದು ಎಂಬುದು) ಲೀನಿಯರ್, ಅಂದರೆ ಸರಳ ರೇಖೆಯ ಅಂದಾಜು, ಮಾಡಿರುವುದರಿಂದ ಅದು ಹೆಚ್ಚುಕಡಿಮೆ ಒಂದು ಪಿಕ್ಸೆಲ್ ಚಲನೆಗೆ ಮಾತ್ರ ಸರಿ. ನಿಮ್ಮ ನೀರು ಎರಡು ಫ್ರೇಮ್ ನಡುವೆ 16 ಪಿಕ್ಸೆಲ್ ಓಡುತ್ತಿದ್ದರೆ ಚಿತ್ರವನ್ನು ನಾಲ್ಕು ಸಲ ಅರ್ಧ ಮಾಡಿ, ಆ ಪಿರಮಿಡ್ಡಿನ ತುದಿಯ ಚಿಕ್ಕ ಚಿತ್ರದಿಂದ ಕೆಳಗಿನ ದೊಡ್ಡದಕ್ಕೆ ವಾರ್ಪ್ ಮಾಡುತ್ತಾ (ಸಿಕ್ಕ ಚಲನೆಯಷ್ಟು ಚಿತ್ರವನ್ನು ಸರಿಸುತ್ತಾ) ಬನ್ನಿ. ಎನರ್ಜಿ ಇನ್ನೂ ಇಳಿಯುತ್ತಲೇ ಇದ್ದರೆ ಮಾತ್ರ ಸಾಲ್ವರ್ ಮುಟ್ಟಿ. ಜಾಕೋಬಿ ರೀತಿಯ ಸುತ್ತಿನಲ್ಲಿ (ಪಕ್ಕದ ಪಿಕ್ಸೆಲ್ಲುಗಳ ಹಿಂದಿನ ಸುತ್ತಿನ ಬೆಲೆ ನೋಡಿ ಪ್ರತಿ ಪಿಕ್ಸೆಲ್ ತಿದ್ದುವ ಕ್ರಮ) ಮಾಹಿತಿ ಒಂದೊಂದೇ ಪಿಕ್ಸೆಲ್ ದಾಟುವುದು, ಕೆಸರು ನೀರಿನ ಬೋಳು ಜಾಗ ತುಂಬಲು ಯುಗ ಬೇಕು. ಎಸ್‌ಒಆರ್ ಅಥವಾ ಮಲ್ಟಿಗ್ರಿಡ್ ಎಂಬ ವೇಗದ ಸಾಲ್ವರುಗಳು ಅಲ್ಲಿ ಕೆಲಸಕ್ಕೆ ಬರ್ತವೆ.

ಬದಿಯಡ್ಕದಿಂದ: ಪಿರಮಿಡ್ ಮಾತು ಒಪ್ಪಿದೆ. ಆದರೆ ಬಿಸಿಲು ಬಂದಾಗ ನೀರ ಮೇಲಿನ ಮಿಂಚು, ಲೆನ್ಸಿನ ಮೇಲಿನ ಮಳೆಹನಿ? ಹಾರ್ನ್–ಶುಂಕ್‌ನ ವರ್ಗ ದಂಡದಲ್ಲಿ (ತಪ್ಪಿನ ವರ್ಗವನ್ನು ಲೆಕ್ಕಕ್ಕೆ ಹಿಡಿಯುವುದರಿಂದ ದೊಡ್ಡ ತಪ್ಪಿಗೆ ತೂಕ ತುಂಬಾ ಹೆಚ್ಚು) ಅಂಥ ಒಂದೆರಡು ಪಿಕ್ಸೆಲ್ ಸುತ್ತಲಿನದ್ದನ್ನೆಲ್ಲ ಎಳೆದು ಹಾಕ್ತವೆ. ನಾನು ವರ್ಗದ ಬದಲು ತಪ್ಪಿನ ಗಾತ್ರವನ್ನಷ್ಟೇ ಹಿಡಿಯುವ ಟಿವಿ-ಎಲ್1 ವಿಧಾನಕ್ಕೆ (ಝಾಕ್, ಪಾಕ್, ಬಿಷಾಫ್, 2007) ಹೋದೆ. ಅದರಲ್ಲಿ ಒಂದು ಹೆಜ್ಜೆ ಪ್ರತಿ ಪಿಕ್ಸೆಲ್ಲಿಗೂ ಬರೀ ಥ್ರೆಶೋಲ್ಡಿಂಗ್ (ಮಿತಿಗೆ ಹೋಲಿಸಿ ಬೆಲೆ ತಿದ್ದುವುದು), ಜಿಪಿಯುಗೆ (ಗ್ರಾಫಿಕ್ಸ್ ಚಿಪ್) ಹೇಳಿ ಮಾಡಿಸಿದ್ದು. ಮೋಡ ಬಂದು ಬೆಳಕು ಬದಲಾದರೆ ಹೊಳಪಿನ ಜತೆ ಗ್ರೇಡಿಯೆಂಟನ್ನೂ (ಪಕ್ಕದ ಪಿಕ್ಸೆಲ್ಲುಗಳ ಹೊಳಪಿನ ವ್ಯತ್ಯಾಸ) ಸೇರಿಸಿ. ಬ್ರಾಕ್ಸ್ ಮತ್ತಿತರರು 2004ರಲ್ಲಿ ಮಾಡಿದ್ದು ಅದನ್ನೇ.

ಅಡೂರಿನಿಂದ: ಎಲ್ಲ ಪಿಕ್ಸೆಲ್ಲಿಗೂ ವೇಗ ಯಾಕೆ ಮಾರಾಯ್ರೆ? ತೇಲಿ ಬರುವ ಸೋಗೆ, ನೊರೆ, ಕಸಕ್ಕೆ ಲೂಕಾಸ್–ಕನಾಡೆ (ಆಯ್ದ ಬಿಂದುವಿನ ಸುತ್ತಲಿನ ಸಣ್ಣ ಕಿಟಕಿಯಲ್ಲಿ ಮಾತ್ರ ಚಲನೆ ಹುಡುಕುವ ವಿಧಾನ) ಹಾಕಿ. ಆ ಕಿಟಕಿಯ 2×2 ಮ್ಯಾಟ್ರಿಕ್ಸಿನ ಸಣ್ಣ ಐಗನ್ ಮೌಲ್ಯ ಸೊನ್ನೆಯ ಹತ್ತಿರ ಇದ್ದರೆ ಚಲನೆ ಹಿಡಿಯುವಷ್ಟು ಗುರುತು ಅಲ್ಲಿಲ್ಲ, ಆ ಬಿಂದು ಬಿಟ್ಟುಬಿಡಿ. ಮುಂದಿನ ಫ್ರೇಮಿಗೆ ಹೋಗಿ ಹಿಂದಿನದಕ್ಕೆ ಬಂದಾಗ ಹೊರಟಲ್ಲಿಗೇ ಮುಟ್ಟದ್ದನ್ನೂ ಬಿಡಿ. ಮತ್ತೆ, ಲಾರಿ ಹೋದಾಗ ಸೇತುವೆ ಅದುರುತ್ತದಲ್ಲ, ದಡದ ಕಲ್ಲುಗಳ ಚಲನೆ ಸೊನ್ನೆ ಬರ್ತದಾ ನೋಡಿ, ಬರದಿದ್ದರೆ ಅಷ್ಟನ್ನು ಕಳೆಯಿರಿ. ಅಳಿವೆ ಹತ್ತಿರವೇ ಇರುವುದರಿಂದ ಭರತ ಏರುವಾಗ ಅಲ್ಲಿ ನೀರು ನಿಜಕ್ಕೂ ನಿಧಾನ ಆಗ್ತದೆ. ಸಮಯ ಬರೆದಿಟ್ಟುಕೊಳ್ಳಿ, ಇಲ್ಲವೇ ಹೊಳೆಯ ಮೇಲ್ಭಾಗಕ್ಕೆ, ನಮ್ಮ ಪಯಸ್ವಿನಿಗೆ ಬನ್ನಿ.