ಚಿಕ್ಕ ಟ್ರ್ಯಾಕ್ಟರ್: ಎಚ್‌ಪಿ ಸಾಕು, ಕೈ ಹಾಕಲು ಜಾಗ ಬೇಕು

ಮೊದಲ ಸಲ ಚಿಕ್ಕ ಟ್ರ್ಯಾಕ್ಟರ್ ಕೊಳ್ಳುತ್ತಿದ್ದೀರಿ, ಈಗಾಗಲೇ ಇಟ್ಟುಕೊಂಡವರಿಗೆ ಅದರಲ್ಲಿ ಏನೇನು ಬದಲಾಗಬೇಕು ಅನ್ನಿಸಿದೆ ಅಂತ ಕೇಳಿದ್ದೀರಿ. ನಾನು ಎಂಟು ವರ್ಷದಿಂದ 24 ಎಚ್‌ಪಿ ಗಾಡಿ ಓಡಿಸುತ್ತಿದ್ದೇನೆ. ಮರದ ಸಾಲಿನ ನಡುವೆ ಮಣ್ಣು ಪುಡಿ ಮಾಡುವ ರೋಟವೇಟರ್, ಹುಲ್ಲು ಕತ್ತರಿಸುವುದು, ಆಗಾಗ ಟ್ರೈಲರ್. ಇಂಜಿನ್ ಬಗ್ಗೆ ನನ್ನದೇನೂ ದೂರಿಲ್ಲ. ಕಷ್ಟವೆಲ್ಲ ಒಬ್ಬನೇ ನಿಂತು ಏನಾದರೂ ಜೋಡಿಸುವಾಗ, ಬಿಚ್ಚುವಾಗ. ಗಾಡಿ ಚಿಕ್ಕದು ಮಾಡುವ ಭರದಲ್ಲಿ ಕೈ ಹಾಕುವ ಜಾಗವನ್ನೂ ನುಂಗಿಬಿಟ್ಟಿದ್ದಾರೆ.

ರೋಟವೇಟರ್ ಜೋಡಿಸುವುದನ್ನೇ ನೋಡಿ. ರಿವರ್ಸ್ ಬಂದು ನಿಲ್ಲಿಸುತ್ತೀರಿ. ಗಾಡಿಯ ಹಿಂದೆ ಉಪಕರಣ ಹಿಡಿಯುವ ತೋಳುಗಳಲ್ಲಿ, ಅಂದರೆ ಲಿಂಕ್‌ಗಳಲ್ಲಿ, ಎಡಗಡೆಯದು ರೋಟವೇಟರ್ ಪಿನ್ನಿಗೆ ಕೂರುತ್ತದೆ, ಬಲಗಡೆಯದು ಎರಡು ಬೆರಳು ದೂರ ಉಳಿಯುತ್ತದೆ. ಮತ್ತೆ ಹತ್ತಿ, ಒಂಚೂರು ಸರಿಸಿ, ಮತ್ತೆ ಇಳಿಯಬೇಕು. ತುದಿಯನ್ನು ಹೊರಗೆ ಎಳೆದು ಪಿನ್ನಿಗೆ ಹಾಕಿ, ಆಮೇಲೆ ಗಾಡಿ ಹಿಂದೆ ತಂದರೆ ತಾನಾಗಿ ಒಳಗೆ ಸರಿದು ಲಾಕ್ ಆಗುವ ಲಿಂಕ್‌ಗಳು ಇವೆ. ಚಿಕ್ಕ ಗಾಡಿಗಳಲ್ಲಿ ಕೆಲವಕ್ಕೆ ಮಾತ್ರ ಕೊಡುತ್ತಾರೆ. ಎಲ್ಲದಕ್ಕೂ ಕೊಡಬೇಕು.

ಆಮೇಲೆ ಪಿಟಿಒ ಶಾಫ್ಟ್, ಅಂದರೆ ಇಂಜಿನ್ ಶಕ್ತಿಯನ್ನು ಹಿಂದಿನ ಉಪಕರಣಕ್ಕೆ ಕೊಡುವ ತಿರುಗುವ ದಂಡ. ಆರು ಹಲ್ಲಿನ, 35 ಮಿ.ಮೀ. ದಪ್ಪದ ಶಾಫ್ಟು ಎರಡು ಲಿಂಕ್‌ಗಳ ನಡುವಿನ ಸಂದಿಯಲ್ಲಿ ಅಡಗಿರುತ್ತದೆ. ಒಂದು ಕೈಯಲ್ಲಿ ರೋಟವೇಟರ್ ಕಡೆಯ ಶಾಫ್ಟಿನ ಭಾರ ಹೊತ್ತು, ಇನ್ನೊಂದು ಕೈಯ ಹೆಬ್ಬೆರಳಲ್ಲಿ ಲಾಕ್ ಪಿನ್ ಒತ್ತಿ ಹಿಡಿದು, ಹಲ್ಲಿಗೆ ಹಲ್ಲು ಕೂಡಿಸಬೇಕು. ಗ್ರೀಸ್ ಮೆತ್ತಿದ ಬೆರಳು ಜಾರುತ್ತದೆ. ಹಲ್ಲು ಕೂಡದಿದ್ದರೆ ಯಾವುದಾದರೂ ಒಂದು ಕಡೆ ತಿರುಗಿಸಬೇಕು. ನನ್ನ ಗಾಡಿಯಲ್ಲಿ ಇಂಜಿನ್ ನಿಂತಾಗ ಪಿಟಿಒ ಕೈಗೆ ತಿರುಗುವುದಿಲ್ಲ. ಆ ಕಡೆ ರೋಟವೇಟರ್ ಬ್ಲೇಡು ನೆಲ ಕಚ್ಚಿ ಕೂತಿರುತ್ತದೆ. ಎಷ್ಟೋ ಸಲ ಜ್ಯಾಕ್ ಕೊಟ್ಟು ರೋಟವೇಟರ್ ಎತ್ತಿದ್ದೇನೆ. ಶಾಫ್ಟು ಸಲೀಸಾಗಿ ತಿರುಗುವಂಥ ಒಂದು ನ್ಯೂಟ್ರಲ್ ಕೊಟ್ಟಿದ್ದರೆ ಅರ್ಧ ಗಂಟೆಯ ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತಿತ್ತು.

ಪಿಟಿಒ ಮೇಲಿನ ಕವರ್ ಬಗ್ಗೆ ನನಗೆ ತುಂಬಾ ಬೇಸರವಿದೆ. ಬೋಲ್ಟ್ ಹಾಕಿ ಕೂರಿಸಿದ ಕವರ್ ಇದ್ದರೆ ಕೈ ಒಳಗೆ ಹೋಗುವುದಿಲ್ಲ, ಅದಕ್ಕೇ ಜನ ಬಿಚ್ಚಿ ಮೂಲೆಗೆ ಎಸೆಯುತ್ತಾರೆ. ಪಿಟಿಒ ತಿರುಗುವ 540 ಆರ್‌ಪಿಎಂ ಅಂದರೆ ನಿಮಿಷಕ್ಕೆ 540, ಸೆಕೆಂಡಿಗೆ 9 ಸುತ್ತು. ತೋಳಿನ ಬಟ್ಟೆ ಸಿಕ್ಕಿಕೊಂಡರೆ ಎಳೆದುಕೊಳ್ಳಲು ಸಮಯವೇ ಇರುವುದಿಲ್ಲ. ಕೀಲು ಇಟ್ಟು ಮೇಲಕ್ಕೆ ಮಡಚುವ ಕವರ್ ಇದ್ದರೆ ಯಾರೂ ಬಿಚ್ಚುವುದಿಲ್ಲ. ನೀವು ಕೊಳ್ಳುವ ಗಾಡಿಯಲ್ಲಿ ಇಂಥದ್ದೇ ಇರಲಿ.

ರೇಡಿಯೇಟರ್ ಜಾಲರಿಯದೂ ಇದೇ ಕಥೆ. ಒಣ ಹುಲ್ಲು ಕತ್ತರಿಸುವಾಗ ಹೊಟ್ಟು, ಧೂಳು ಎಲ್ಲ ಅಲ್ಲೇ ಅಂಟಿಕೊಂಡು ಇಂಜಿನ್ ಬಿಸಿ ತೋರಿಸುವ ಮುಳ್ಳು ಏರುತ್ತದೆ. ನನ್ನದರಲ್ಲಿ ಬ್ಯಾಟರಿ ಸರಿಸದೆ ಜಾಲರಿ ಹೊರಗೆ ಬರುವುದಿಲ್ಲ. ದಿನಕ್ಕೆ ಎರಡು ಮೂರು ಸಲ ಮಾಡುವ ಕೆಲಸ ಇದು. ಪಕ್ಕದಿಂದ ಎಳೆದರೆ ಬರುವ ಹಾಗೆ ಇರಬೇಕಿತ್ತು, ಅಲ್ವಾ? ಆಯಿಲ್ ಫಿಲ್ಟರ್ ಬಿಚ್ಚಿದರೆ ಆಯಿಲ್ ಸೀದಾ ಸ್ಟಾರ್ಟರ್ ಮೇಲೆ ಸುರಿಯುತ್ತದೆ, ಅದನ್ನೂ ನೋಡಿಕೊಳ್ಳಿ. ಇನ್ನು ಗೇರ್ ಲಿವರ್ ಕಾಲುಗಳ ನಡುವೆ ಇದ್ದರೆ ಒಂದೇ ಕಡೆಯಿಂದ ಹತ್ತಿ ಇಳಿಯಬೇಕಾಗುತ್ತದೆ. ಪಕ್ಕದ ಲಿವರ್, ಸಮತಟ್ಟಾದ ಪಾದದ ಜಾಗ ಮೊಣಕಾಲಿಗೆ ಒಳ್ಳೆಯದು.

ಸೀಟಿನ ಹಿಂದಿನ ರಕ್ಷಣಾ ಕಂಬಿಯನ್ನು ಕೊಂಬೆ ತಾಗದಿರಲಿ ಅಂತ ಮಡಚುತ್ತೇವೆ. ಮತ್ತೆ ನಿಲ್ಲಿಸಲು ಅದು ಭಾರ, ಪಿನ್ ಬೇರೆ ಬಿಗಿ. ಹಾಗಾಗಿ ಬಯಲಿಗೆ ಬಂದ ಮೇಲೂ ಮಡಚಿಯೇ ಇರುತ್ತದೆ. ಗಾಡಿ ಮಗುಚಿದರೆ ಜೀವ ಉಳಿಸುವುದು ಅದೊಂದೇ. ಒಂದೇ ಕೈಯಲ್ಲಿ ಎತ್ತುವಂತೆ ಸ್ಪ್ರಿಂಗ್ ಕೊಡಲಿ. ಕಂಬಿ ನಿಂತಿದ್ದಾಗ ಸೀಟ್ ಬೆಲ್ಟ್ ಹಾಕಲೇಬೇಕು, ಮಡಚಿದ್ದಾಗ ಹಾಕಬಾರದು, ಇದು ನೆನಪಿರಲಿ.

ಕೊಳ್ಳುವ ಮೊದಲು ಸುಮ್ನೆ ಓಡಿಸಿ ನೋಡಿ ಬರಬೇಡಿ. ರೋಟವೇಟರ್ ಒಂದನ್ನು ನೆಲದ ಮೇಲೆ ಇಡಿಸಿ, ಯಾರ ಸಹಾಯವೂ ಇಲ್ಲದೆ ನೀವೇ ಜೋಡಿಸಿ, ಬಿಚ್ಚಿ. ಚಿಕ್ಕ ಗಾಡಿಗಳಲ್ಲಿ ಸಾಮಾನ್ಯವಾಗಿ ಕೆಟಗರಿ 1 ಅಳತೆಯ ಲಿಂಕೇಜ್ (ಉಪಕರಣ ಜೋಡಿಸುವ ಲಿಂಕ್‌ಗಳ ಸೆಟ್ಟು) ಇರುತ್ತದೆ: ಕೆಳಗಿನ ಎರಡು ಲಿಂಕ್‌ಗಳ ಪಿನ್ 22 ಮಿ.ಮೀ. ದಪ್ಪ, ಮೇಲಿನ ಲಿಂಕ್‌ನದು 19. ನಿಮ್ಮ ಹತ್ತಿರ ಹಳೆಯ ಕಲ್ಟಿವೇಟರ್ ಇದ್ದರೆ ಅದರ ಪಿನ್ ಅಳೆದುಕೊಂಡೇ ಹೋಗಿ.