ಏರೋಪ್ಲೇನ್ ಚಿಟ್ಟೆ ಬಿಟ್ಟುಹೋದದ್ದು ಪೊರೆಯೋ, ಚಿಪ್ಪೋ?

ಗೆಳೆಯರೇ,

ಏರೋಪ್ಲೇನ್ ಚಿಟ್ಟೆಗಳಲ್ಲಿ ಗ್ರಾನೈಟ್ ಘೋಸ್ಟ್ ಅಂತ ಒಂದು ಜಾತಿ ಇದೆ. ಬೂದಿ ಬಣ್ಣದ ಮೈ, ಮೇಲೆಲ್ಲ ಕಪ್ಪು ಮಚ್ಚೆ. ಬಂಡೆಗೋ ಗೋಡೆಗೋ ರೆಕ್ಕೆ ಚಾಚಿ ಅಂಟಿಕೊಂಡು ಕೂತರೆ ಕಲ್ಲು ಯಾವುದು, ಹುಳ ಯಾವುದು ಗೊತ್ತಾಗುವುದಿಲ್ಲ. ರೆಕ್ಕೆಯ ತುದಿಯ ಹತ್ತಿರ ಒಂದೊಂದು ಚುಕ್ಕಿ, ನಡುವೆ ಕಪ್ಪು, ಎರಡೂ ಕಡೆ ಬಿಳಿ. ಗುರುತು ಹಿಡಿಯಲು ಅದನ್ನೇ ನೋಡಬೇಕು. ಬೆಂಗಳೂರಿನ ಕಾಂಪೌಂಡ್ ಗೋಡೆಗಳ ಮೇಲೂ ಇದು ಸಿಗುತ್ತದೆ. ಮೊಟ್ಟೆ ಇಡಲು ಕೆರೆಯೇ ಬೇಕೆಂದಿಲ್ಲ. ಬಂಡೆ ಮೇಲಿನ ದೊಣೆ, ಸಿಮೆಂಟ್ ತೊಟ್ಟಿ, ಮಳೆನೀರು ನಿಂತ ಗುಂಡಿ ಸಾಕು.

ಮರಿ ಬೆಳೆಯುವುದು ನೀರೊಳಗೆ. ಮಡಚಿಟ್ಟ ಕೆಳದುಟಿಯನ್ನು ಸರಕ್ಕನೆ ಮುಂದಕ್ಕೆ ಚಾಚಿ ಸೊಳ್ಳೆಮರಿಗಳನ್ನು ಹಿಡಿದು ತಿನ್ನುತ್ತದೆ. ತೊಟ್ಟಿಯಲ್ಲಿ ಇದನ್ನು ಕಂಡವರು ದಯವಿಟ್ಟು ಚೆಲ್ಲಬೇಡಿ. ಬಲಿತ ಮೇಲೆ ಗೋಡೆ ಹತ್ತುತ್ತದೆ, ಬೆನ್ನು ಬಿರಿಯುತ್ತದೆ, ರೆಕ್ಕೆಯ ಹುಳ ಹೊರಬರುತ್ತದೆ. ನನ್ನ ಪ್ರಶ್ನೆ ಗೋಡೆಯಲ್ಲೇ ಉಳಿಯುವ ಖಾಲಿ ಮೈಯದ್ದು. ಕಾಲುಗಳು, ಕಣ್ಣಿನ ಉಬ್ಬು ಎಲ್ಲ ಹಾಗೇ ಇರುತ್ತವೆ. ಬಿರಿದ ಬೆನ್ನಿನಿಂದ ಬಿಳಿ ದಾರದಂಥ ಎಳೆಗಳು ಹೊರಗೆ ಚಾಚಿರುತ್ತವೆ. ಅವು ಉಸಿರುಕೊಳವೆಗಳ ಒಳಪದರ, ಮೈಯ ಜೊತೆಗೇ ಕಳಚಿ ಬಂದದ್ದು.

ಇದಕ್ಕೆ ಏನನ್ನೋಣ? ಹಾವಿನದಾದರೆ ಪೊರೆ. ಆದರೆ ಪೊರೆ ಬಿಟ್ಟ ಮೇಲೂ ಹಾವು ಹಾವೇ ಅಲ್ವಾ? ಇಲ್ಲಿ ಗೋಡೆ ಹತ್ತಿದ್ದು ಈಜುವ ಹುಳ, ಹೊರಟದ್ದು ಹಾರುವ ಹುಳ. ಚಿಪ್ಪು ಅಂದರೆ ಗಟ್ಟಿಯಾದದ್ದು, ಇದು ಬೆರಳಲ್ಲಿ ಒತ್ತಿದರೆ ಪುಡಿಪುಡಿ. ಗೂಡು ಅನ್ನುವುದಂತೂ ಸಲ್ಲದು. ರೇಷ್ಮೆ ಹುಳುವಿನ ಹಾಗೆ ಗೂಡಿನೊಳಗೆ ಕೂರುವ ಹಂತವೇ ಇವಕ್ಕಿಲ್ಲ. ನನಗೆ ಪೊರೆಯೇ ಜಾಸ್ತಿ ಒಪ್ಪಿಗೆ. ಪೊರೆ ಬಿಡು, ಪೊರೆ ಕಳಚು ಅಂತ ಕ್ರಿಯಾಪದಗಳೂ ಜೊತೆಗೇ ಸಿಗುತ್ತವೆ.

ಇನ್ನೊಂದು ಮಾತು. ಹುಳು ಮೇವು ಬಿಟ್ಟು ಪೊರೆ ಕಳಚಲು ಅಲುಗಾಡದೆ ಕೂತಾಗ ರೇಷ್ಮೆ ಸಾಕುವವರು ‘ಜ್ವರಕ್ಕೆ ಕೂತಿದೆ’ ಅನ್ನುತ್ತಾರೆ. ಏರೋಪ್ಲೇನ್ ಚಿಟ್ಟೆಯ ಮರಿಯೂ ನೀರು ಬಿಟ್ಟು ಹೊರಬರುವ ಮುಂಚೆ ತಿನ್ನುವುದನ್ನು ನಿಲ್ಲಿಸುತ್ತದೆ. ಅದಕ್ಕೂ ಜ್ವರ ಅನ್ನಬಹುದೇ, ಇಲ್ಲ ಆ ಮಾತು ರೇಷ್ಮೆ ಮನೆಗಷ್ಟೇ ಸೇರಿದ್ದೇ? ದೊಣೆ, ಬಾವಿ, ಕಲ್ಯಾಣಿಗಳ ಹತ್ತಿರ ಬೆಳೆದವರು ಈ ಖಾಲಿ ಮೈಯನ್ನು ಏನಂತ ಕರೆಯುತ್ತಿದ್ದಿರಿ? ಯಾವ ಕಡೆಯ ಮಾತು ಅನ್ನುವುದನ್ನೂ ಬರೆಯಿರಿ.