ಕಡಲಗಾಳಿ ಬಗ್ಗೆ ಇಂಗ್ಲಿಷ್‌ನಲ್ಲಿ ಎಕ್ಸ್‌ಪ್ಲನೇಶನ್ ಟೆಕ್ಸ್ಟ್: ಮೊದಲು ತಿದ್ದಬೇಕಾದ್ದು ಏನು?

ಎಂಟನೇಕ್ಲಾಸ್_ಟೀಚರ್
8ನೇ ತರಗತಿಗೆ 200 ಪದಗಳ ಎಕ್ಸ್‌ಪ್ಲನೇಶನ್ ಟೆಕ್ಸ್ಟ್ (ಒಂದು ಸಂಗತಿ ಯಾಕೆ, ಹೇಗೆ ಆಗುತ್ತದೆ ಎಂದು ವಿವರಿಸುವ ಬರಹ) ಬರೆಸಬೇಕು. ವಿಷಯ ಕಡಲಗಾಳಿ. ವಿಜ್ಞಾನದ ಪಾಠ ಆಗಿದೆ. ಆದರೂ ಬರುವುದು ಹೆಚ್ಚುಕಮ್ಮಿ ಹೀಗೆ:

“ಸೀ ಬ್ರೀಜ್ ಈಸ್ ವೆರಿ ನೈಸ್. ಇನ್ ಡೇ ಟೈಮ್ ಲ್ಯಾಂಡ್ ಈಸ್ ಹೀಟಿಂಗ್ ಫಾಸ್ಟ್. ಬಿಕಾಸ್ ಲ್ಯಾಂಡ್ ಈಸ್ ಹಾಟ್ ಸೋ ಏರ್ ಈಸ್ ಗೋಯಿಂಗ್ ಅಪ್. ದೆನ್ ಏರ್ ಈಸ್ ಕಮಿಂಗ್ ಫ್ರಮ್ ಸೀ. ದೆನ್ ವಿ ಆರ್ ಗೆಟಿಂಗ್ ಕೂಲ್ ಏರ್.”

ವ್ಯಾಕರಣ ತಿದ್ದಿಕೊಟ್ಟರೂ ವಿವರಣೆ ಅನ್ನಿಸುವುದಿಲ್ಲ. ಮೊದಲು ರಚನೆ ಹಿಡಿಯಬೇಕೋ, ಭಾಷೆಯೋ?

ಕರಿಹಲಗೆ
ರಚನೆ. ಅದರಲ್ಲೂ ಕಾರಣದ ಸರಪಳಿ. ಈ ಪ್ಯಾರಾದಲ್ಲಿ ಒಂದು ಕೊಂಡಿಯೇ ಇಲ್ಲ, ನೋಡಿ: ಗಾಳಿ ಮೇಲೆ ಹೋಯಿತು, ತಕ್ಷಣ ಕಡಲಿನಿಂದ ಗಾಳಿ ಬಂತು. ಯಾಕೆ ಬಂತು? ಒತ್ತಡದ ಮಾತೇ ಬಂದಿಲ್ಲ.

ಇಂಗ್ಲಿಷ್‌ಗೆ ಕೈ ಹಾಕುವ ಮೊದಲು ಬೋರ್ಡಿನ ಮೇಲೆ ಕನ್ನಡದಲ್ಲೇ ಸರಪಳಿ ಹಾಕಿಸಿ. ಬಿಸಿಲು ನೆಲಕ್ಕೂ ನೀರಿಗೂ ಒಂದೇ ಸಮ ಬೀಳುತ್ತದೆ → ನೆಲ ಬೇಗ ಕಾಯುತ್ತದೆ → ಅದರ ಮೇಲಿನ ಗಾಳಿ ಬಿಸಿಯಾಗಿ, ಹಿಗ್ಗಿ, ಹಗುರವಾಗಿ ಏರುತ್ತದೆ → ನೆಲದ ಮೇಲೆ ಒತ್ತಡ ಇಳಿಯುತ್ತದೆ → ಒತ್ತಡ ಹೆಚ್ಚಿರುವ ಕಡಲ ಕಡೆಯಿಂದ ತಂಪು ಗಾಳಿ ನೆಲದತ್ತ ಬೀಸುತ್ತದೆ. ಪ್ರತಿ ಬಾಣದ ಹತ್ತಿರ ನಿಂತು “ಯಾಕೆ?” ಎಂದು ಕೇಳಿ. ಉತ್ತರ ಮುಂದಿನ ವಾಕ್ಯದಲ್ಲೂ ಇಲ್ಲ, ಹಿಂದಿನದರಲ್ಲೂ ಇಲ್ಲ ಎಂದರೆ ಅಲ್ಲಿ ಒಂದು ವಾಕ್ಯ ಸೇರಬೇಕು.

ಎರಡನೇ ಕೊಂಡಿಗೆ ಒಂದು ಪ್ಯಾರಾ ಪೂರ್ತಿ ಕೊಡಬಹುದು. ಒಂದು ಕಿಲೋ ನೀರು 1 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಲು ಸುಮಾರು 4.2 ಕಿಲೋಜೂಲ್ ಶಾಖ ಬೇಕು. ಒಣ ಮರಳಿಗೆ ಸುಮಾರು 0.8 ಸಾಕು. ಜೊತೆಗೆ ಬಿಸಿಲು ನೀರಿನೊಳಗೆ ಆಳಕ್ಕೆ ಇಳಿಯುತ್ತದೆ, ಅಲೆಗಳು ಅದನ್ನು ಕಲಸುತ್ತಿರುತ್ತವೆ. ನೆಲದಲ್ಲಿ ಕಾಯುವುದು ಮೇಲ್ಪದರ ಮಾತ್ರ.

ಪದಗಳ ಲೆಕ್ಕ ಹೀಗೆ ಹಂಚಿ: ಕಡಲಗಾಳಿ ಎಂದರೇನು, ಯಾವಾಗ ಬೀಸುತ್ತದೆ, ಇದಕ್ಕೆ 30–40 ಪದ. ಸರಪಳಿಗೆ 120–130. ಉಳಿದದ್ದು ರಾತ್ರಿ ನೆಲದಿಂದ ಕಡಲಿನತ್ತ ಬೀಸುವ ನೆಲಗಾಳಿಗೆ. “ವೆರಿ ನೈಸ್” ಎಲ್ಲಿದ್ದರೂ ಹೊಡೆದುಹಾಕಿ, ಅದು ಪ್ರಬಂಧದ ಚಟ.

ವಾಕ್ಯವೈದ್ಯ
ಸರಪಳಿ ಸರಿ. ಆದರೆ ಅದನ್ನು ಇಂಗ್ಲಿಷ್‌ಗೆ ತರುವಾಗ ಕನ್ನಡದ ಮಕ್ಕಳು ಎಡವುವ ಜಾಗಗಳು ಬೇರೆಯೇ ಇವೆ.

“ಈಸ್ ಹೀಟಿಂಗ್”ಗೆ ಮದ್ದು ಕನ್ನಡದಲ್ಲೇ ಇದೆ. “ಕಾಯುತ್ತಿದೆ” ಅಂದರೆ ಈಗ, ಕಣ್ಣೆದುರು. “ಕಾಯುತ್ತದೆ” ಅಂದರೆ ಯಾವಾಗಲೂ ಹಾಗೆಯೇ. ವಿವರಣೆಗೆ ಬೇಕಾದ್ದು ಎರಡನೆಯದು. ಹಾಗಾಗಿ “ಹೀಟ್ಸ್”, “ರೈಸಸ್”, “ಫಾಲ್ಸ್”. ಕೊನೆಯ ಎಸ್ ಬಿಟ್ಟುಹೋಗಿದೆಯೇ ಎಂದು ನೋಡಲು ಮಾತ್ರ ಇನ್ನೊಂದು ಸಲ ಓದಿಸಿ.

“ಬಿಕಾಸ್… ಸೋ” ಜೋಡಿ ಬೇಡ. ಒಂದು ವಾಕ್ಯಕ್ಕೆ ಒಂದೇ. ಇನ್ನೊಂದು ತಪ್ಪು ಇದಕ್ಕಿಂತ ಹೆಚ್ಚು ಕಾಣುತ್ತದೆ: ನಾವು ಪೂರ್ಣವಿರಾಮ ಹಾಕಿ “ಏಕೆಂದರೆ…” ಎಂದು ಹೊಸ ವಾಕ್ಯ ಶುರು ಮಾಡುತ್ತೇವೆ. ಅದೇ ಅಭ್ಯಾಸದಲ್ಲಿ “ದ ಲ್ಯಾಂಡ್ ಹೀಟ್ಸ್ ಫಾಸ್ಟರ್. ಬಿಕಾಸ್ ವಾಟರ್ ನೀಡ್ಸ್ ಮೋರ್ ಹೀಟ್.” ಎಂದು ಬರೆದರೆ ಎರಡನೆಯದು ಇಂಗ್ಲಿಷ್ ಶಾಲೆಬರಹದಲ್ಲಿ ಅರ್ಧ ವಾಕ್ಯ. ನಡುವಿನ ಚುಕ್ಕಿ ತೆಗೆದರೆ ಸಾಕು.

“ದೆನ್” ಹೇಳುವುದು ಕ್ರಮವನ್ನು, ಕಾರಣವನ್ನಲ್ಲ. ಅದರ ಬದಲು ಹಿಂದಿನ ವಾಕ್ಯದ ಬಾಲವನ್ನೇ ಮುಂದಿನದರ ತಲೆ ಮಾಡಿಸಿ:

“ದ ಹಾಟ್ ಲ್ಯಾಂಡ್ ವಾರ್ಮ್ಸ್ ದ ಏರ್ ಅಬೋವ್ ಇಟ್. ದಿಸ್ ವಾರ್ಮ್ ಏರ್ ಎಕ್ಸ್‌ಪ್ಯಾಂಡ್ಸ್ ಆ್ಯಂಡ್ ರೈಸಸ್, ಸೋ ದ ಪ್ರೆಶರ್ ಓವರ್ ದ ಲ್ಯಾಂಡ್ ಫಾಲ್ಸ್. ಆಸ್ ಎ ರಿಸಲ್ಟ್, ಕೂಲರ್ ಏರ್ ಮೂವ್ಸ್ ಇನ್ ಫ್ರಮ್ ದ ಸೀ.”

“ದಿಸ್” ಒಂಟಿಯಾಗಿ ನಿಲ್ಲಬಾರದು, ಪಕ್ಕದಲ್ಲಿ ನಾಮಪದ ಇರಲಿ. ಇಲ್ಲದಿದ್ದರೆ ಯಾವುದನ್ನು ತೋರಿಸುತ್ತಿದೆ ಎಂಬುದು ಬರೆದ ಮಗುವಿಗೂ ಗೊತ್ತಿರುವುದಿಲ್ಲ.

ಕರಿಹಲಗೆ
ಒಪ್ಪಿದೆ. ವಿಷಯದ ತಪ್ಪು ಒಂದನ್ನು ಸೇರಿಸುತ್ತೇನೆ: “ಬಿಸಿಗಾಳಿ ಮೇಲೆ ಹೋದಾಗ ವ್ಯಾಕ್ಯೂಮ್ ಆಗುತ್ತದೆ” ಎಂದು ಬರೆಯುವವರು ಬಹಳ. ನಿರ್ವಾತ ಆಗುವುದಿಲ್ಲ, ಒತ್ತಡ ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೆ. “ಲೋ ಪ್ರೆಶರ್” ಎಂದೇ ಬರೆಸಿ. ನಮ್ಮ ಕರಾವಳಿಯ ಉದಾಹರಣೆ ಕೊಡುವುದಾದರೆ ಬೇಸಿಗೆಯ ಮಧ್ಯಾಹ್ನದ್ದು ಕೊಡಿ. ಮುಂಗಾರಿನಲ್ಲಿ ಬೀಸುವ ನೈಋತ್ಯ ಗಾಳಿಯ ಕಥೆ ಬೇರೆ.

ಎಂಟನೇಕ್ಲಾಸ್_ಟೀಚರ್
ಇಬ್ಬರಿಗೂ ಥ್ಯಾಂಕ್ಸ್. ಪ್ಯಾಸಿವ್ ವಾಯ್ಸ್ ಕಡ್ಡಾಯ ಅನ್ನುತ್ತಾರಲ್ಲ? ಕನ್‌ಕ್ಲೂಷನ್ ಕೂಡ ಬೇಕೇ?

ವಾಕ್ಯವೈದ್ಯ
ಪ್ಯಾಸಿವ್ ಕಡ್ಡಾಯವಲ್ಲ. ಮಾಡಿದವರು ಮುಖ್ಯವಲ್ಲದ ಕಡೆ ಒಂದೆರಡು ಸಾಕು: “ದಿಸ್ ವಿಂಡ್ ಈಸ್ ಕಾಲ್ಡ್ ಎ ಸೀ ಬ್ರೀಜ್.” ಗಾಳಿ ತಾನೇ ಏರುವಾಗ “ಏರ್ ಈಸ್ ರೈಸನ್” ಎಂದು ಬರೆದರೆ ತಪ್ಪೇ ಆಗುತ್ತದೆ. ಕನ್‌ಕ್ಲೂಷನ್ ಬದಲು ನೆಲಗಾಳಿಯ ಪ್ಯಾರಾದಲ್ಲೇ ನಿಲ್ಲಿಸಿ. ಸರಪಳಿಯನ್ನು ಮತ್ತೆ ಬರೆಸಬೇಡಿ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಒತ್ತಡ ಅದಲುಬದಲಾಗುತ್ತದೆ, ಗಾಳಿಯ ದಿಕ್ಕೂ ತಿರುಗುತ್ತದೆ. ಮೂರು ವಾಕ್ಯ.